ಹದಿನಾಲ್ಕನೇ ನಂಬರಿನ ಬೆಲೆ

ನನಗೆ ಸಿಟ್ಟು ಜಾಸ್ತಿ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಹದಿನಾರು ವರ್ಷ ಲಂಡನ್ನಿನ ಟೂಟಿಂಗ್‌ನ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯಿರಿ, ಆಮೇಲೆ ಬಂದು ಮಾತಾಡಿ. ಈ ಕರುಣಾಕರ ಶೆಟ್ಟಿ ಏನಿದ್ದರೂ ಮುಖದ ಮೇಲೆ ಹೇಳುವವನು ಎಂದು ಊರಿಗೆಲ್ಲ ಗೊತ್ತು. ಒಂದೇ ಒಂದು ವಿಷಯ ಮಾತ್ರ ಎಂಟು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆ. ೨೦೧೭ರ ಮೇ ತಿಂಗಳ ಒಂದು ಶನಿವಾರ, ಊಟದ ಮೇಜಿನ ಮುಂದೆ, ಅದು ಹೊರಗೆ ಬಂತು.

ನಮ್ಮ ಮನೆ ನಾರ್ತ್ ಹ್ಯಾರೋದಲ್ಲಿ, ಟ್ಯೂಬ್ ಸ್ಟೇಷನ್ನಿನಿಂದ ನಡೆದರೆ ಎಂಟು ನಿಮಿಷ. ನಡುವೆ ಒಂದೇ ಗೋಡೆ ಇರುವ ಜೋಡಿ ಮನೆ. ಹದಿನಾಲ್ಕು ನಮ್ಮದು, ಹದಿನಾರು ಮಿಸೆಸ್ ಪೆನ್‌ಫೋಲ್ಡ್ ಅವರದು. ಎಪ್ಪತ್ತೆಂಟು ದಾಟಿದ ಹೆಂಗಸು, ಗಂಡ ಹೋಗಿ ಮೂರು ವರ್ಷ. ಆ ವಾರ ಬೇಲಿಯ ಆಚೆಯಿಂದ ನನ್ನನ್ನು ಕರೆದು, ಮನೆ ಮಾರಿ ಮಗಳ ಊರಿಗೆ ಹೋಗುತ್ತೇನೆ ಎಂದರು. ಏಜೆಂಟರು ಬಂದು ನೋಡಿ ಐದು ಲಕ್ಷ ಪೌಂಡು ಎಂದಿದ್ದಾರಂತೆ. "ನಿಮ್ಮವರು ಯಾರಾದರೂ ಕೊಳ್ಳುವುದಿದ್ದರೆ ನಾಲ್ಕು ಲಕ್ಷ ತೊಂಬತ್ತೈದು ಸಾವಿರಕ್ಕೆ ಕೊಡುತ್ತೇನೆ, ಕರು. ನನಗೂ ಕಮಿಷನ್ ಉಳಿಯುತ್ತದೆ. ಸೋಮವಾರದವರೆಗೆ ಕಾಯುತ್ತೇನೆ, ಆಮೇಲೆ ಮಾರಾಟದ ಬೋರ್ಡು ಹಾಕಿಸುತ್ತೇನೆ."

ಕೇಳಿದ ಕೂಡಲೇ ನನಗೆ ನೆನಪಾದದ್ದು ಅಕ್ಕ.

ಅಕ್ಕ ಚಂಪಾ ಸಟನ್‌ನ ಆಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷ ನರ್ಸ್ ಆಗಿದ್ದವಳು. ನಮ್ಮ ಅಮ್ಮ ಬೇಗ ಹೋದದ್ದರಿಂದ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳೂ ಅವಳೇ, ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವಳೂ ಅವಳೇ. ಈಗ ಅವಳ ಮೊಣಕಾಲು ಎರಡೂ ಕೆಟ್ಟಿವೆ. ಮಗ ಶ್ರವಣ್ ಮತ್ತು ಸೊಸೆ ನವ್ಯಾ ಜೊತೆ ಸಟನ್‌ನಲ್ಲೇ ಮೂರನೇ ಮಾಳಿಗೆಯ ಬಾಡಿಗೆ ಫ್ಲಾಟಿನಲ್ಲಿದ್ದಳು. ಅಲ್ಲಿಯ ಲಿಫ್ಟು ತಿಂಗಳಿಗೆ ಎರಡು ಸಲ ಕೆಡುತ್ತದೆ. ಹಿಂದಿನ ಚಳಿಗಾಲದಲ್ಲಿ ಹನ್ನೊಂದು ದಿನ ಕೆಟ್ಟು ನಿಂತಿತ್ತು, ಹನ್ನೊಂದು ದಿನವೂ ಅಕ್ಕ ಹೊಸ್ತಿಲು ದಾಟಲಿಲ್ಲ. ಮಿಸೆಸ್ ಪೆನ್‌ಫೋಲ್ಡ್ ತಮ್ಮ ಗಂಡ ಕಾಯಿಲೆ ಬಿದ್ದಾಗ ಕೆಳಗಡೆಯೇ ಒಂದು ಮಲಗುವ ಕೋಣೆ, ಪಕ್ಕಕ್ಕೆ ಬಚ್ಚಲು, ಹಿಡಿದುಕೊಳ್ಳಲು ಗೋಡೆಗೆ ಕಂಬಿ, ಎಲ್ಲ ಮಾಡಿಸಿದ್ದರು. ಅಕ್ಕನಿಗೆ ಹೇಳಿ ಮಾಡಿಸಿದ ಹಾಗಿತ್ತು. ಗೋಡೆಯ ಈಚೆ ನಾನು, ಆಚೆ ಅಕ್ಕ! ನಮಗೆ ಮಕ್ಕಳಿಲ್ಲ. ನನಗೂ ವೈದೇಹಿಗೂ ಇದಕ್ಕಿಂತ ಇನ್ನೇನು ಬೇಕು?

ಅಲ್ಲೇ ಬೇಲಿಯ ಪಕ್ಕ ನಿಂತು ಶ್ರವಣನಿಗೆ ಫೋನ್ ಮಾಡಿದೆ. ದುಡ್ಡಿನ ಯೋಚನೆ ಇರಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಒಳ್ಳೆಯ ಸಂಬಳ, ಅಕ್ಕನ ನಿವೃತ್ತಿಯ ಹಣವಿತ್ತು, ಐದು ಲಕ್ಷದ ಮನೆಯವರೆಗೆ ಸಾಲ ಕೊಡುತ್ತೇವೆ ಎಂದು ಬ್ಯಾಂಕು ಆಗಲೇ ಬರೆದು ಕೊಟ್ಟಿತ್ತು. "ಶನಿವಾರ ಬರ್ತೀವಿ ಮಾವ, ಅಮ್ಮನ್ನೂ ಕರ್ಕೊಂಡು" ಎಂದ.

ಬಂದರು. ಮಿಸೆಸ್ ಪೆನ್‌ಫೋಲ್ಡ್ ತಾವೇ ಮುಂದೆ ನಡೆದು ತೋರಿಸಿದರು. ಮೂರು ವರ್ಷದ ಹಿಂದೆ ಹೊದೆಸಿದ ಹೊಸ ಛಾವಣಿ, ಹೊಸ ಬಾಯ್ಲರು, ಒಂದು ಬೆರಳು ಪಸೆಯಿಲ್ಲದ ಗೋಡೆ. ಅಕ್ಕ ಕೆಳಗಿನ ಕೋಣೆಗೆ ಹೋಗಿ, ಗೋಡೆಯ ಕಂಬಿ ಹಿಡಿದು, ಯಾರ ಸಹಾಯವೂ ಇಲ್ಲದೆ ಒಂದು ಸಲ ಕುಳಿತು ಎದ್ದಳು. ಆಮೇಲೆ ಇನ್ನೊಂದು ಸಲ ಕುಳಿತು ಎದ್ದಳು.

ಎಲ್ಲರೂ ಮುಂದಿನ ಕೋಣೆಯಲ್ಲಿ ಟೀ ಹಿಡಿದು ಕುಳಿತಾಗ ನಮ್ಮ ಶ್ರವಣ್ ಜೇಬಿನಿಂದ ಫೋನ್ ತೆಗೆದ. ವಿಳಾಸ ಬರೆದರೆ ಯಾವ ಮನೆಯ ಬೆಲೆಯನ್ನಾದರೂ ಅಂದಾಜು ಮಾಡಿ ಹೇಳುವ ವೆಬ್‌ಸೈಟಂತೆ. ಈ ಮನೆಗೆ ಅದು ಮೂರು ಲಕ್ಷ ತೊಂಬತ್ತೈದು ಸಾವಿರ ಎಂದಿತ್ತು. ನಮ್ಮ ಹುಡುಗ ಆ ಫೋನನ್ನು ಆ ಹೆಂಗಸಿನ ಮೂಗಿನ ಮುಂದೆ ಹಿಡಿದು, "ನೀವು ಹೇಳುವ ಬೆಲೆಗೂ ಡೇಟಾಗೂ ಒಂದು ಲಕ್ಷದ ವ್ಯತ್ಯಾಸ ಇದೆ. ನಾನು ಮೂರು ತೊಂಬತ್ತೈದು ಕೊಡಬಲ್ಲೆ" ಎಂದು ನಗುತ್ತಾ ಇಂಗ್ಲಿಷಿನಲ್ಲಿ ಹೇಳಿದ.

ಅವರು ಕನ್ನಡಕ ಹಾಕಿಕೊಂಡು ಓದಿದರು. "ನಿಮ್ಮ ಈ ಫೋನು ಯಾವತ್ತಾದರೂ ನನ್ನ ಮನೆಯೊಳಗೆ ಬಂದಿತ್ತೇ?" ಎಂದು ಕೇಳಿದರು. ಕನ್ನಡಕ ತೆಗೆದು ಮಡಚಿಟ್ಟರು. "ನನ್ನನ್ನು ನೀವು ಆಸೆಬುರುಕಿ ಅಂದುಕೊಂಡ ಹಾಗಿದೆ. ನಾನು ಏಜೆಂಟಿಗೇ ಫೋನ್ ಮಾಡುತ್ತೇನೆ. ಟೀ ಆರುತ್ತದೆ, ಕುಡಿಯಿರಿ."

ಈ ದೇಶದವರು ಸಿಟ್ಟಾದರೆ ಕೂಗುವುದಿಲ್ಲ, ಟೀ ಕುಡಿಯಿರಿ ಎನ್ನುತ್ತಾರೆ. ನಾನು ಹಾಗಲ್ಲ. ನಮ್ಮ ಬಾಗಿಲು ದಾಟಿದ್ದೇ ಶುರುಮಾಡಿದೆ.

"ಎಂತ ಮರಾಯಾ ನೀನ್? ಆ ಹೆಂಗ್ಸಿನ್ ಮುಖಕ್ಕೇ ಫೋನ್ ಹಿಡ್ದೆ ಅಲ್ದಾ! ನಾಚ್ಕಿ ಆತಿಲ್ಯಾ ನಿಂಗೆ?"

"ಮಾವ, ಕೂಲ್. ನಾನು ಇನ್ಶೂರೆನ್ಸಲ್ಲಿ ಇಡೀ ದಿನ ಮಾಡೋದೇ ಡೇಟಾ ಕೆಲಸ. ನಂಬರ್‌ಗೆ ಫೀಲಿಂಗ್ಸ್ ಇರಲ್ಲ. ಆಂಟಿ ಒಂದು ಲಕ್ಷ ಜಾಸ್ತಿ ಕೇಳ್ತಿದಾರೆ."

"ನಂಬರ್ ಅಂಬ್ರ್! ಆ ನಂಬರಿಗೆ ಹೊಸ ಮಾಡಿನ ಹೆಂಚ್ ಕಂಡಿತ್ತಾ? ಬಾಯ್ಲರ್ ಕಂಡಿತ್ತಾ? ಸೋಮವಾರ ಏಜೆಂಟ್ ಬಂದ್ರೆ ಹತ್ ಜನ ಸಾಲಲ್ಲಿ ನಿಂತಿರ್ತ್ರ್!"

"ನಿಲ್ಲಲಿ. ನಾನು ಮೋಸ ಹೋಗಲ್ಲ." ಆಮೇಲೆ ಅವನು ಹೇಳಿದ ಮಾತು ನನಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. "ಇದು ನೀವೇ ಕಲಿಸಿದ್ದು, ಮಾವ. ಕೇಳಿದ ಬೆಲೆ ಕೊಡೋನು ದಡ್ಡ ಅಂತ ನೀವೇ ಹೇಳಿದ್ರಿ. ಈ ಮನೆ ನೀವು ಒಂದು ತೊಂಬತ್ತೈದಕ್ಕೆ ತಗೊಂಡ್ರಲ್ಲ? ನಾನೂ ಅದೇ ರಕ್ತ."

ಹೌದು, ನಾನೇ ಹೇಳಿದ್ದು. ಒಂದು ಸಲವಲ್ಲ, ನೂರು ಸಲ. ೨೦೦೯ರಲ್ಲಿ ಈ ಹದಿನಾಲ್ಕನೇ ನಂಬರನ್ನು ನನಗೆ ಕೊಟ್ಟವರು ನಮ್ಮ ಶಂಕರ ಮಾವ, ಅಮ್ಮನ ಅಣ್ಣ. ಗೃಹಪ್ರವೇಶದ ದಿನ ಶೇಖರಪ್ಪ ಎನ್ನುವವರು ಎಲ್ಲರ ಎದುರು "ಎಷ್ಟಕ್ಕೆ ಬಂತು ಶೆಟ್ರೆ?" ಎಂದು ಕೇಳಿದ್ದರು. ನಾನು ಎದೆಯುಬ್ಬಿಸಿ, "ಒಂದು ತೊಂಬತ್ತೈದು! ಮೂರು ವಾರ ಚೌಕಾಸಿ ಮಾಡಿದೆ" ಎಂದಿದ್ದೆ. ಅಂದಿನಿಂದ ಲಂಡನ್ನಿನ ನಮ್ಮ ಜನರಲ್ಲಿ ಚೌಕಾಸಿ ಎಂದರೆ ಕರುಣಾಕರ. ಕಾರು ಕೊಳ್ಳುವವರು, ಅಂಗಡಿ ಹಿಡಿಯುವವರು ಎಲ್ಲ ನನ್ನ ಹತ್ತಿರ ಸಲಹೆಗೆ ಬರುತ್ತಿದ್ದರು. ಹೋಟೆಲು ಬಿಟ್ಟ ಮೇಲೆ ನಾನು ಶುರುಮಾಡಿದ ಕೇಟರಿಂಗಿನ ಗಿರಾಕಿಗಳೂ ನನ್ನ ಹತ್ತಿರ ಬೆಲೆ ಇಳಿಸಲು ಹೆದರುತ್ತಿದ್ದರು. ಆ ಹೆಸರು ನನಗೆ ಬಲು ರುಚಿಸಿತ್ತು.

ನವ್ಯಾ ಬೆಂಗಳೂರಿನ ಹುಡುಗಿ, ಮೆತ್ತಗೆ ಮಾತಾಡುತ್ತಾಳೆ. ಅಷ್ಟು ಹೊತ್ತು ಗಂಡನ ಫೋನು ಇಸಿದುಕೊಂಡು ನೋಡುತ್ತಿದ್ದವಳು, "ಶ್ರವಣ್, ಇಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇದೆ ನೋಡು. ಈ ಅಂದಾಜಿನ ಮೇಲೆ ಅವರಿಗೇ ಭರವಸೆ ಕಡಿಮೆಯಂತೆ" ಎಂದಳು. "ಹದಿನಾರನೇ ನಂಬರು ೧೯೭೮ರಿಂದ ಮಾರಾಟವೇ ಆಗಿಲ್ಲ, ಅದರ ಹಳೇ ಬೆಲೆ ಇವರ ಹತ್ತಿರ ಇಲ್ಲ. ಅದಕ್ಕೆ ಅಕ್ಕಪಕ್ಕದ ಮನೆ ಎಷ್ಟಕ್ಕೆ ಹೋಗಿದೆ ಅಂತ ನೋಡಿ ಲೆಕ್ಕ ಹಾಕಿದ್ದಾರೆ."

"ಅಕ್ಕಪಕ್ಕದ್ದ್ ಅಂದ್ರೆ ನಮ್ದಾ? ಹಾಂಗಾರೆ ನಮ್ಮನಿಗ್ ಎಷ್ಟ್ ಅಂತಿತ್ತ್ ಅದ್? ಕಾಣ್" ಎಂದೆ.

ಅವಳು ಒತ್ತಿದಳು. "ಮೂರು ಲಕ್ಷ ಇಪ್ಪತ್ತೆರಡು ಸಾವಿರ" ಎಂದಳು.

ಅಯ್ಯೋ ದೇವರೇ! ನನಗೆ ಬಂದ ಸಿಟ್ಟಿಗೆ ಮೇಜಿನ ಮೇಲಿನ ನೀರುದೋಸೆ ಹಾರಿಹೋಗಬೇಕಿತ್ತು. ಅಡುಗೆಮನೆ ಹಿಂದಕ್ಕೆ ಹನ್ನೆರಡು ಅಡಿ ಬೆಳೆಸಿದ್ದೇನೆ. ಕಿಟಕಿಗಳೆಲ್ಲ ಹೊಸವು. ಒಂದು ದಿನವೂ ಸೋರದ ಮನೆ. ಮೂರು ಇಪ್ಪತ್ತೆರಡಂತೆ! "ಯಾವ ಬೇವರ್ಸಿ ಬರ್ದದ್ ಅದನ್ನ? ಅವನ್ನ ಇಲ್ಲಿಗೆ ಕರ್ಕೊಂಡ್ ಬಾ! ಗೋಡಿ ಮುಟ್ಟಿ ಹೇಳ್ಲಿ! ಯಾರ್ ಹೇಳ್ದ್ ಅವಂಗೆ ಈ ಬೆಲಿ?"

"ನೀವೇ."

ಅಡುಗೆಮನೆಯ ಬಾಗಿಲಲ್ಲಿ ವೈದೇಹಿ ನಿಂತಿದ್ದಳು, ಕೈಯಲ್ಲಿ ಕೋಳಿ ಸುಕ್ಕದ ಪಾತ್ರೆ. "ಒಂದ್ ತೊಂಬತ್ತೈದ್ ಅಂದ್ ಬರ್ಸಿದ್ದ್ ನೀವೇ ಅಲ್ದಾ? ಅದ್ ಸರ್ಕಾರದ್ ಪುಸ್ತಕಕ್ಕ್ ಹೋಯ್ತ್. ಅದನ್ ಕಂಡ್ ಕಂಪ್ಯೂಟರ್ ಹೇಳ್ತಿತ್ತ್. ಅದಕ್ಕೆಂತ ಗೊತ್ತಿತ್ತ್ ಪಾಪ." ಪಾತ್ರೆಯನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದಳು. "ಈಗಾರೂ ಹೇಳಿ, ಹ್ವಾಯ್. ನಿಮ್ಮ ಒಂದ್ ಬಡಾಯಿಗೆ ಅತ್ತಿಗೆ ಮತ್ತೆ ಆ ಮೂರನೇ ಮಾಳಿಗಿಗೆ ಹೋಯ್ಕಾ?"

ನಾನು ಕುಳಿತೆ. ಅಕ್ಕನ ಕಡೆ ನೋಡಲಾಗಲಿಲ್ಲ. ಅವಳು ತಲೆ ತಗ್ಗಿಸಿ ದೋಸೆ ಮುರಿಯುತ್ತಿದ್ದಳು. ಹೇಳದಿದ್ದರೆ ಸೋಮವಾರ ಬೋರ್ಡು ಬೀಳುತ್ತದೆ, ಕೆಳಗಿನ ಆ ಕೋಣೆ ಬೇರೆ ಯಾರದೋ ಪಾಲಾಗುತ್ತದೆ. ಹೇಳಿದರೆ ನನ್ನ ಹೆಸರು ಮಣ್ಣುಪಾಲು, ಅದೂ ನನ್ನನ್ನು ದೊಡ್ಡ ಮನುಷ್ಯ ಎಂದು ತಿಳಿದ ಅಳಿಯನ ಎದುರು. ನಿಜ ಹೇಳುತ್ತೇನೆ, ಒಂದೆರಡು ನಿಮಿಷ ನಾನು ಸುಮ್ಮನೇ ಇದ್ದೆ. ಆ ಎರಡು ನಿಮಿಷಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಶ್ರವಣ್," ಎಂದೆ, "ನಾನ್ ಚೌಕಾಸಿ ಮಾಡ್ಲೇ ಇಲ್ಲ ಮಗಾ."

ಆಮೇಲೆ ಎಲ್ಲ ಹೇಳಿದೆ. ೨೦೦೯ರಲ್ಲಿ ಈ ಮನೆಗೆ ಬ್ಯಾಂಕಿನವರು ಫೋನು ಕಳಿಸಲಿಲ್ಲ, ಒಬ್ಬ ಮನುಷ್ಯನನ್ನು ಕಳಿಸಿದ್ದರು. ಅವನು ಟಾರ್ಚು ಹಿಡಿದು ಅಟ್ಟಕ್ಕೂ ಹತ್ತಿ ನೋಡಿ ಮೂರು ಲಕ್ಷ ಐದು ಸಾವಿರ ಬಾಳುತ್ತದೆ ಎಂದು ಬರೆದುಕೊಟ್ಟಿದ್ದ. ಶಂಕರ ಮಾವ ನನ್ನನ್ನು ಕೂರಿಸಿಕೊಂಡು, "ನಿನ್ನತ್ರ ಎಷ್ಟ್ ಇತ್ತ್?" ಎಂದು ಕೇಳಿದರು. ಬ್ಯಾಂಕು ಕೊಡುವ ಸಾಲ ಒಂದು ಎಪ್ಪತ್ತು, ನಾನು ಕೂಡಿಟ್ಟದ್ದು ಇಪ್ಪತ್ತೈದು ಎಂದೆ. "ಅಷ್ಟ್ ಸಾಕ್. ಮನಿ ನಿಂದ್" ಎಂದರು. ಮೂರು ವಾರವೂ ಇಲ್ಲ, ಮೂರು ನಿಮಿಷವೂ ಇಲ್ಲ. ಅವರಿಗೆ ಸ್ವಂತ ಮಗನಿದ್ದ, ಲೀಡ್ಸ್‌ನಲ್ಲಿ ಹಲ್ಲಿನ ಡಾಕ್ಟರು. ಆದರೂ ನಮ್ಮ ಬಂಟರ ಮನೆಗಳ ಹಳೆಯ ಅಳಿಯಕಟ್ಟು, ಆಸ್ತಿ ಮಗನಿಗಲ್ಲ, ಅಕ್ಕತಂಗಿಯ ಮಕ್ಕಳಿಗೆ ಎನ್ನುವ ಕಟ್ಟು, ಅವರ ತಲೆಯಲ್ಲಿ ಗಟ್ಟಿಯಾಗಿತ್ತು. ಕಾನೂನು ಎಂದೋ ಬದಲಾಗಿದೆ. ಮಾವ ಬದಲಾಗಿರಲಿಲ್ಲ.

"ಗೃಹಪ್ರವೇಶದ್ ದಿನ ಶೇಖರಪ್ಪ ಕೇಂಡಾಗ ಬಾಯಿಗೆ ಬಂದದ್ದ್ ಹೇಳ್ಬಿಟ್ಟೆ. ಮಾವ ಕೊಟ್ಟ್ ತಿಂದವ ಅನ್ಸ್ಕೊಂಬುಕೆ ಮನಸ್ ಬರ್ಲಿಲ್ಲ. ಮಾವ ಅಲ್ಲೇ ನಿಂತಿದ್ರ್. ನನ್ನ ಬೆನ್ನ್ ತಟ್ಟಿ, ಹೌದ್ ಮರಾಯ್ರೆ, ಈ ಗಂಡ್ ಮೂರ್ ವಾರ ನನ್ನ ಜೀವ ತಿಂದ ಅಂದ್ರ್. ನನ್ನ ಸುಳ್ಳಿಗೆ ಅವ್ರೇ ಸಾಕ್ಷಿ ಹೇಳಿದ್ರ್." ನಾಲ್ಕು ವರ್ಷದ ಹಿಂದೆ ಲೀಡ್ಸ್‌ನಲ್ಲಿ ಮಾವ ತೀರಿಕೊಂಡಾಗಲೂ ನಾನು ನಾಲ್ಕು ಜನರ ಎದುರು ನಿಜ ಹೇಳಿರಲಿಲ್ಲ.

ಶ್ರವಣ್ ಫೋನನ್ನು ಕವುಚಿ ಮೇಜಿನ ಮೇಲಿಟ್ಟ. ಆಮೇಲೆ, "ಅಂದ್ರೆ ಆಗ್ಲೇ ಒಂದು ಲಕ್ಷ ಹತ್ತು ಸಾವಿರ ಅಜ್ಜ ಬಿಟ್ಟುಕೊಟ್ಟಿದ್ರು. ಈ ರಸ್ತೇಲಿ ಈ ಥರದ ಮನೆ ಹತ್ತು ವರ್ಷದಲ್ಲಿ ಮಾರಾಟ ಆಗಿದ್ದು ನಿಮ್ಮದೊಂದೇ. ಅಜ್ಜನ ಪ್ರೀತೀನ ಮಶೀನ್ ಮಾರ್ಕೆಟ್ ರೇಟ್ ಅಂದ್ಕೊಂಡಿದೆ" ಎಂದ. ಅವನ ಕಿವಿ ಕೆಂಪಾಗಿತ್ತು. "ನಾನೂ ಹಾಗೇ ಅಂದ್ಕೊಂಡೆ. ಪಾಪ, ಆಂಟಿಗೆ ಮುಖದ ಮೇಲೆ ಹೇಳಿಬಿಟ್ಟೆ."

"ಏಳ್," ಎಂದೆ. "ಹೋಪ. ನಾನೇ ಮಾತಾಡ್ತೆ."

ಕೈ ತೊಳೆದವರೇ ಎಲ್ಲರೂ ಹೋಗಿ ಹದಿನಾರರ ಬೆಲ್ ಒತ್ತಿದೆವು. ಮಿಸೆಸ್ ಪೆನ್‌ಫೋಲ್ಡ್ ಬಾಗಿಲು ಪೂರ್ತಿ ತೆಗೆಯಲಿಲ್ಲ. ನನ್ನ ಇಂಗ್ಲಿಷು ಹೋಟೆಲಿನಲ್ಲಿ ಕಲಿತದ್ದು, ಅರ್ಜಿ ಬರೆಯುವವರ ಇಂಗ್ಲಿಷಲ್ಲ. ಆದರೆ ಆ ದಿನ ಅದು ಎಲ್ಲೂ ತಡವರಿಸಲಿಲ್ಲ. ನನ್ನ ಮನೆಯ ಬೆಲೆ ಆ ವೆಬ್‌ಸೈಟಿನಲ್ಲಿ ತಪ್ಪಾಗಿದೆ, ಅದರಿಂದಲೇ ನಿಮ್ಮ ಮನೆಯದೂ ತಪ್ಪಾಗಿದೆ, ತಪ್ಪು ಮನೆಯದಲ್ಲ, ನಿಮ್ಮದಲ್ಲ ಎಂದೆ. ನನ್ನ ಮಾವ ನನಗೆ ಒಂದು ಲಕ್ಷ ಹತ್ತು ಸಾವಿರ ಪೌಂಡು ಬಿಟ್ಟು ಈ ಮನೆ ಕೊಟ್ಟರು, ನಾನು ಅದನ್ನು ಎಂಟು ವರ್ಷ ನನ್ನ ಜಾಣತನ ಎಂದು ಹೇಳಿಕೊಂಡು ತಿರುಗಿದೆ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಬೆನ್ನು ನೆಟ್ಟಗಾಯಿತು. ಅವಮಾನವಾಗುತ್ತದೆ ಅಂದುಕೊಂಡಿದ್ದೆ. ಅಂಥ ಮಾವ ಎಷ್ಟು ಜನರಿಗೆ ಇರುತ್ತಾರೆ ಹೇಳಿ! ಇಂಥದ್ದನ್ನು ಬಿಟ್ಟು ಚೌಕಾಸಿಯ ಬಡಾಯಿ ಹೊಡೆದುಕೊಂಡಿದ್ದೆನಲ್ಲ, ಮೂರ್ಖ ಮುಂಡೇದು ಎಂದು ನನ್ನನ್ನೇ ಬೈದುಕೊಂಡೆ.

ಶ್ರವಣ್ ಮುಂದೆ ಬಂದ. "ನನ್ನದು ತಪ್ಪಾಯಿತು. ಮನೆಯನ್ನು ಕಣ್ಣಿಂದ ನೋಡಿಯೂ ಫೋನ್ ನಂಬಿದೆ. ನೀವು ಕೇಳಿದ ಬೆಲೆ ಸರಿಯಾಗಿದೆ. ನಾಲ್ಕು ತೊಂಬತ್ತೈದಕ್ಕೆ ಕೊಡುತ್ತೀರಾ?"

ಅವರು ಅವನನ್ನು ನೋಡಲಿಲ್ಲ. ಅವನ ಹಿಂದೆ, ನವ್ಯಾಳ ತೋಳು ಹಿಡಿದು ನಿಂತಿದ್ದ ಅಕ್ಕನನ್ನು ನೋಡಿದರು. "ಕಂಬಿಯ ಎತ್ತರ ನಿಮಗೆ ಸರಿಯಾಯಿತೇ?" ಎಂದು ಕೇಳಿದರು.

"ಸರಿಯಾಯಿತು. ಒಳ್ಳೆಯ ಕಡೆ ಹಾಕಿಸಿದ್ದೀರಿ. ವಾರ್ಡಿನಲ್ಲೂ ಅಷ್ಟು ಸರಿಯಾಗಿ ಹಾಕುವುದಿಲ್ಲ" ಎಂದಳು ಅಕ್ಕ.

ಮಿಸೆಸ್ ಪೆನ್‌ಫೋಲ್ಡ್ ಬಾಗಿಲು ಪೂರ್ತಿ ತೆಗೆದರು. ಬುಧವಾರ ವಕೀಲರಿಗೆ ಹೇಳುತ್ತೇನೆ, ಬೆಲೆ ನಾಲ್ಕು ತೊಂಬತ್ತೈದೇ, ಒಂದು ಪೆನ್ನಿ ಕಡಿಮೆಯಿಲ್ಲ, ಪರದೆಗಳನ್ನು ಬಿಟ್ಟುಹೋಗುತ್ತೇನೆ ಎಂದರು. ಶ್ರವಣ್ ಕೈ ಕೊಟ್ಟ. ಅವರು ಕುಲುಕಿದರು.

ಹೊರಗೆ ಬಂದಾಗ ನನಗೆ ಕುಣಿಯಬೇಕು ಅನ್ನಿಸುತ್ತಿತ್ತು. ಹುಡುಗರಿಬ್ಬರೂ ಮುಂದೆ ಹೋಗಿ ಎರಡು ಮನೆಗಳನ್ನೂ ಸೇರಿಸಿ ಫೋಟೋ ತೆಗೆಯುತ್ತಿದ್ದರು. ವೈದೇಹಿ ಒಳಗೆ ಪಾಯಸಕ್ಕೆ ಹಾಲು ಇಡಲು ಓಡಿದಳು. ನಾನು ಅಕ್ಕನ ತೋಳು ಹಿಡಿದು ಎರಡು ಮನೆಯ ಮುಂದಿನ ಕಾಲುದಾರಿಯಲ್ಲಿ ನಿಧಾನವಾಗಿ ನಡೆಸಿಕೊಂಡು ಬರುತ್ತಿದ್ದೆ.

"ನಿಂಗೆ ಬೇಜಾರಾಯ್ತಾ ಅಕ್ಕ? ನಿನ್ನತ್ರವೂ ಸುಳ್ಳ್ ಹೇಳಿದ್ನಲ್ಲ ಇಷ್ಟ್ ವರ್ಷ."

ಅಕ್ಕ ನಿಂತಳು. "ನಂಗ್ ಆವತ್ತೇ ಗೊತ್ತಿದ್ದಿತ್ ತಮಾ."

"ಯಾರ್ ಹೇಳಿದ್ರ್?"

"ಮಾವನೇ. ಬರ್ದ್ ಕೊಡೂಕ್ ಮುಂಚೆ ನಂಗೆ ಫೋನ್ ಮಾಡಿ ಕೇಂಡಿರ್. ಕಟ್ಟಿನ ಪ್ರಕಾರ ಇದ್ ನಿಂಗೆ ಬಪ್ಪುದ್ ಚಂಪಾ, ಆಮೇಲೆ ನಿನ್ನ ಮಗನಿಗೆ, ಏನ್ ಮಾಡ್ಲಿ ಅಂದ್ರ್."

ನನಗೆ ಆಗ ಹೊಳೆಯಿತು. ಎಂಟು ವರ್ಷ ಅಳಿಯಕಟ್ಟು, ಅಳಿಯಕಟ್ಟು ಎಂದು ಮನಸ್ಸಿನಲ್ಲೇ ಹೇಳಿಕೊಂಡವನಿಗೆ ಇದೊಂದು ಹೊಳೆದಿರಲಿಲ್ಲ. ನಮ್ಮಲ್ಲಿ ಹಕ್ಕು ಇಳಿಯುವುದು ಹೆಣ್ಣಿನ ಕಡೆಯಿಂದ. ಅಮ್ಮನ ಪಾಲು ಅಕ್ಕನಿಗೆ, ಅಕ್ಕನದು ಅವಳ ಮಕ್ಕಳಿಗೆ. ಮಾವ ಯಾರನ್ನಾದರೂ ಕೇಳಬೇಕಿದ್ದರೆ ಅಕ್ಕನನ್ನೇ ಕೇಳಬೇಕಿತ್ತು.

"ನೀ ಎಂತ ಹೇಳ್ದೆ?"

"ತಮ್ಮಂಗೆ ಕೊಡಿ ಅಂದೆ. ಬೆಂಕಿ ಎದ್ರ್ ನಿಂತ್ ನಿಂತ್ ಅವನ ಕಾಲ್ ಊದ್ತಿತ್ತ್, ಟೂಟಿಂಗ್‌ನಲ್ಲಿ ಐದ್ ಜನದ್ ಕೋಣಿಲಿ ಮಲಗ್ತ, ಮದಿ ಆಗಿಯೂ ಹೆಂಡ್ತಿನ ಕರ್ಸ್ಕೊಂಬುಕೆ ಜಾಗ ಇಲ್ಲ ಅಂದೆ. ನಂಗೆ ಆಸ್ಪತ್ರಿ ಹತ್ರ ಫ್ಲಾಟ್ ಸಾಕಿತ್ತ್ ಆವಾಗ." ಅಕ್ಕ ನನ್ನ ಮುಖ ನೋಡಿ ನಕ್ಕಳು. "ಮಾರನೇ ದಿನ ಡ್ಯೂಟಿಗ್ ಹೋಗಿ ಇಡೀ ವಾರ್ಡಿಗ್ ಹೇಳ್ದೆ ಕಾಣ್, ನನ್ನ ತಮ್ಮಂಗ್ ಹ್ಯಾರೋದಗೆ ಸ್ವಂತ ಮನಿ ಆಯ್ತ್ ಅಂದ್. ಚೌಕಾಸಿ ಮಾಡಿ ತಕಂಡ ಅಂದೂ ಹೇಳ್ದೆ. ನೀ ಹಾಂಗ್ ಹೇಳ್ಕೊಂಡ್ ತಿರ್ಗೂದ್ ಕಾಂಬುಕೆ ನಂಗ್ ಭಾರಿ ಖುಷಿ."

ಆ ಮೂರನೇ ಮಾಳಿಗೆ, ಆ ಕೆಟ್ಟ ಲಿಫ್ಟು, ಆ ಹನ್ನೊಂದು ದಿನ, ಎಲ್ಲ ನನ್ನ ಮನೆಯ ಬೆಲೆಯೊಳಗೆ ಸೇರಿದ್ದವು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ರಸ್ತೆಯಲ್ಲಿ ಕಾರು ತೊಳೆಯುತ್ತಿದ್ದವರು, ನಾಯಿ ಹಿಡಿದು ಹೋಗುತ್ತಿದ್ದವರು ಎಲ್ಲ ತಿರುಗಿ ನೋಡುವ ಹಾಗೆ ನಾನು ಶ್ರವಣನನ್ನು ಕೂಗಿ ಕರೆದೆ.

"ಹ್ವಾಯ್ ಶ್ರವಣ್! ಇಲ್ಲಿ ಬಾ ಮಗಾ, ಕೇಣ್! ಈ ಮನಿ ನಾ ತಕಂಡದ್ದಲ್ಲ, ಮಾವ ಮಾರದ್ದೂ ಅಲ್ಲ. ನನ್ನ ಅಕ್ಕ ಕೊಟ್ಟ ಮನಿ ಇದ್! ನಿನ್ನ ಅಮ್ಮ!"